ಹತ್ತು ಗಂಟೆಗೆ ನೆಟ್ಟಗಾಗೋ ಕ್ಲಚ್ಚು

ಗಂಡನ ಹೆಸರು ಹೇಳಬಾರದು ಅಂತಾರ. ಹೇಳದಿದ್ದರ ನಿಮಗ ಕಥಿ ತಿಳಿಯಂಗಿಲ್ಲ, ಅದಕ್ಕ ಒಂದ ಸಲ ಹೇಳಿಬಿಡ್ತೀನಿ: ಹಣಮಂತ. ವಿಜಾಪುರದ ಕಡೆಯವರು. ಎಪ್ಪತ್ತೆರಡನೇ ಇಸವಿಯೊಳಗ ವಿಕ್ರೋಳಿ ಕಂಪನಿಯ ಖಾಯಂ ನೌಕರಿಗೆ ಕೈ ಮುಗಿದು, ಜೋಗೇಶ್ವರಿಯೊಳಗ ಪತ್ರಾಸ್ ತಗಡಿನ ಶೆಡ್ಡು ಹಾಕಿ ಗ್ಯಾರೇಜು ತೆಗೆದ ಮಹಾಶಯರು. ಕಂಪನಿ ಕ್ವಾರ್ಟರ್ಸಿನ್ಯಾಗ ನನಗ ಅಡಗಿಮನಿಯೊಳಗ ನಳ ಇತ್ತು. ಇಲ್ಲಿ ಚಾಳಿನ್ಯಾಗ ಇಪ್ಪತ್ತೆರಡು ಮನಿಗೆ ಒಂದ ನಳ. ಅದೂ ಮುಂಜಾನೆ ನಾಕಕ್ಕ ಬಂದು ಐದೂವರಿಗೆ ನಿಂತುಬಿಡ್ತಿತ್ತು. ಬರೋಬ್ಬರಿ ಎರಡು ವರ್ಷ ಆ ಸಾಲಿನ್ಯಾಗ ನಿಂತು ನನ್ನ ಬಾಯಿ ಹರಿತ ಆತು.

ಹೋಗಲಿ. ಎರಡು ವರ್ಷ ನಮ್ಮವರು ಬರೇ ಟ್ಯಾಕ್ಸಿ ರಿಪೇರಿ ಮಾಡಿದರು. ಆಮ್ಯಾಲೆ ಸದಾನಂದಣ್ಣ ಬಂದ. ಉಡುಪಿ ಕಡೆಯವ, ಮಾಟುಂಗಾದಾಗ ಅವನ ಹೊಟೇಲು. ಮೊದಲ ಅವನ ಹೊಟ್ಟಿ ಒಳಗ ಬರ್ತಿತ್ತು, ಹಿಂದಿಂದ ಅಂವ. ಅಂಥಾವ ಎರಡೇ ಸೀಟಿನ, ಕೆಂಪು, ಇಪ್ಪತ್ತು ವರ್ಷದ ಹಳೇ ವಿಲಾಯತಿ ಸ್ಪೋರ್ಟ್ಸ್ ಕಾರು ತಗೊಂಡಿದ್ದ! ಅದರಾಗ ಕುಂತರ ನೆಲದ ಮ್ಯಾಲೆ ಕುಂತಂಗ. ಒಂದು ತಗ್ಗು ಬಂತಂದ್ರ ಬೆನ್ನೆಲುಬು ಎಣಿಸಿಕೋಬೇಕು.

ನಮ್ಮವರಿಗೆ ಹಬ್ಬ. ಹಿಂದಿನ ಕಮಾನುಪಟ್ಟಿ ಬಿಚ್ಚಿ, ಸೀಳಿದ್ದು ತೆಗೆದು, ಒಂದೊಂದು ಪಟ್ಟಿ ಹೆಚ್ಚಿಗಿ ಕೂಡಿಸಿದರು. ನಾಲ್ಕೂ ಗಾಲಿಗೆ ಕುಲುಕಾಟ ತಡಿಯೋ ಹೊಸಾ ಶಾಕಪ್ಸರು ಹಾಕಿದರು. ಊಟಕ್ಕ ಕರದರ "ಬಂದೆ ತಡಿ" ಅಂತಿದ್ದರು, ಬರ್ತಿದ್ದಿಲ್ಲ. ನಾನು ಆ ಗಾಡಿಗೆ ಸವತಿ ಅಂತನ ಹೆಸರಿಟ್ಟೆ. ಕೆಲಸ ಮುಗಿದ ದಿನ ನನ್ನ ಬಾಜೂಕ ಕುಂಡ್ರಿಸಿ, ಕೈಯಾಗ ತುಂಬಿದ ಚಹಾದ ಲೋಟ ಕೊಟ್ಟು, ರೈಲ್ವೆ ಫಾಟಕ ದಾಟಿಸಿದರು. ಸೀರಿ ಮ್ಯಾಲೆ ಎಷ್ಟು ಹನಿ ಬಿದ್ದುವು ಅಂತ ಬಗ್ಗಿ ನೋಡಿದರು. "ಒಂದ ಹನಿ, ಹಾಲವ್ವಾ! ಬರೇ ಒಂದ!" ಅಂತ ಸಣ್ಣ ಹುಡುಗನಂಗ ಚಪ್ಪಾಳಿ ತಟ್ಟಿದರು. ಸೀರಿ ಒಗೆಯಾಕಿ ನಾನು, ಖರೆ, ಆದರ ಅವತ್ತು ನನಗೂ ಖುಷಿ ಆಗಿತ್ತು.

ಗಾಡಿ ಒಯ್ಯಾಕ ಬಂದ ಸದಾನಂದಣ್ಣ ನನಗ ಒಂದು ಬಾಟ್ಲಿ ಕೊಬ್ಬರಿ ಎಣ್ಣಿ ಕೊಟ್ಟ. "ಊರಿನ ಗಾಣದ್ದು ಹಾಲವ್ವಕ್ಕ. ತಲೆಗೂ ಆಗ್ತದೆ, ಒಗ್ಗರಣೆಗೂ ಆಗ್ತದೆ. ನಮ್ಮ ಹೊಟೇಲಿನ ಅಡುಗೆಯವ ಐತ, ರುಬ್ಬುವ ಮಿಷನಿಗೂ ಇದನ್ನೇ ಬಿಡುವುದು. ಇಲ್ಲಿಗೆ ತರುವ ಮೊದಲು ಈ ಕಾರಿನ ಡಬ್ಬಿಯಲ್ಲಿ ಎಣ್ಣೆ ಕಮ್ಮಿ ಉಂಟು ಅಂತ ಅದಕ್ಕೂ ಸ್ವಲ್ಪ ಎರೆದೆ" ಅಂದ. ಈ ಮಂದಿಗೆ ಕೊಬ್ಬರಿ ಎಣ್ಣಿ ಬಿಟ್ಟು ಬ್ಯಾರೆ ಲೋಕನ ಇಲ್ಲ ಅಂತ ನಾನು ನಕ್ಕು, ಮರತೂಬಿಟ್ಟೆ.

ಜನೇವರಿ ಬಂತು, ಥಂಡಿ ಬಿತ್ತು, ಸದಾನಂದಣ್ಣನ ಫೋನೂ ಬಂತು. ಬಾಜೂದ ಇರಾಣಿ ಹೊಟೇಲಿಗೆ ಓಡಿಹೋಗಿ ಮಾತಾಡಿ ಬಂದರು ನಮ್ಮವರು. ಕ್ಲಚ್ಚು ಕೆಟ್ಟದ, ಗೇರು ಬೀಳವಲ್ಲದು. ಸದಾನಂದಣ್ಣನ ಹೊಟೇಲಿನ ಮಂದಿ ನೂಕಿ ನೂಕಿ ದಣಿದು, ಕಡೀಕ ಟೆಂಪೋಕ್ಕ ಹಗ್ಗ ಕಟ್ಟಿ ಎಳಕೊಂಡು ಬರೋದರಾಗ ಹನ್ನೊಂದು ಬಡಿದಿತ್ತು. ನಮ್ಮವರು ಕುಂತು ಪೆಡಲ್ ಒತ್ತಿದರು. ಗೇರು ಬೆಣ್ಣಿಯಂಗ ಬಿತ್ತು!

"ನಿಮ್ಮ ಕಾಲಿಂದ ತಪ್ಪು" ಅಂದರು.

"ಎಂತ ಮಾರಾಯ, ಬೆಳಿಗ್ಗೆ ಎರಡು ಕಾಲಲ್ಲಿ ಒತ್ತಿದ್ರೂ ಅಲುಗಲಿಲ್ಲ!" ಅಂದ ಸದಾನಂದಣ್ಣ.

ಮೂರು ಸಲ ಹಿಂಗ ಆತು. ಮಾಟುಂಗಾದಾಗ ಮುಂಜಾನೆ ಆರಕ್ಕ ಹಟ, ಜೋಗೇಶ್ವರಿಯೊಳಗ ಬಿಸಿಲಿಗೆ ಬಂದರ ಗುಣವಂತಿ. ನಮ್ಮವರು ಗೇರ್‌ಬಾಕ್ಸು ಇಳಿಸಿ ಕ್ಲಚ್ ಪ್ಲೇಟ್ ಬದಲಿ ಮಾಡಿದರು. ಮತ್ತ ಇಳಿಸಿದರು, ಬೇರಿಂಗು ಬದಲಿ ಮಾಡಿದರು. ಪೆಡಲ್ ಒತ್ತಿದರ ಪೈಪಿನ್ಯಾಗಿನ ಎಣ್ಣಿ ಮುಂದ ಸರಿದು ಕ್ಲಚ್ಚು ಬಿಡಿಸೋ ಗಾಡಿ ಅದು. ಆ ಎಣ್ಣಿ ಡಬ್ಬಿ ತುಂಬಿದ್ದು ನೋಡಿ, ಮುಚ್ಚಳ ಹಾಕಿ ಸುಮ್ಮನಾದರು. ವಾಸನಿ ಹತ್ತಲಿಲ್ಲೇನು ಅಂತೀರಿ? ದಿನಕ್ಕ ಎರಡು ಡಬ್ಬಿ ತಪಕೀರು ಏರಿಸೋ ಮೂಗು ಅದು.

ನಾಲ್ಕನೇ ಸಲ ಸದಾನಂದಣ್ಣನ ಜೋಡಿ ಅವನ ಹೆಂಡತಿ ಮೋಹಿನಿ ಬಂದಳು. ಬರೋ ರವಿವಾರ ಮುಂಜಾನೆ ಆರಕ್ಕ ಇದರಾಗ ಜುಹೂಕ್ಕ ಹೋಗ್ತೀವಿ, ನಡುವ ನಿಂತರ ಸೋಮವಾರ ಗುಜರಿಯವನಿಗೆ ಅಂದಳು. ಸದಾನಂದಣ್ಣ ತಲಿ ಬಗ್ಗಿಸಿ ನಿಂತ. ಅವರು ಹೋದ ಮ್ಯಾಲೆ ನಮ್ಮವರು ಅಂದರು: "ರವಿವಾರ ನಿಂತರ ನನ್ನದೂ ಮುಗೀತು. ಸೋಮವಾರ ವಿಕ್ರೋಳಿಗೆ ಹೋಗಿ ಸಾಹೇಬನ ಕಾಲು ಹಿಡಿತೀನಿ."

ನನಗ ವಿಕ್ರೋಳಿ ಅಡಗಿಮನಿಯ ನಳ ಕಣ್ಣ ಮುಂದ ಬಂತು.

ಶನಿವಾರ ಮುಂಜಾನೆ ತಲಿಗೆ ಎಣ್ಣಿ ಹಚ್ಚಬೇಕಂತ ಆ ಬಾಟ್ಲಿ ತೆಗೆದು ಬೋರಲು ಮಾಡಿದೆ. ಒಂದು ತೊಟ್ಟೂ ಇಳೀಲಿಲ್ಲ. ಬೆಳ್ಳಗ, ಗಟ್ಟಿ ಆಗಿ ಕುಂತಿತ್ತು. ಕಡ್ಡಿ ಹಾಕಿದರ ಕಡ್ಡಿ ಮುರೀತು. ಸುಡಗಾಡು ಥಂಡಿ ಅಂತ ಬೈದು, ಕಿಟಕಿ ಬಿಸಿಲಿಗೆ ಇಟ್ಟೆ. ಹತ್ತರ ಹೊತ್ತಿಗೆ ನೋಡ್ತೀನಿ, ನೀರಾಗಿತ್ತು. ಆವಾಗ ಸದಾನಂದಣ್ಣನ ಮಾತು ನೆನಪಾತು. ಅಯ್ಯ ಶಿವನ!

ಓಡಿಹೋಗಿ ಹೇಳಿದೆ ಅಂತ ತಿಳಿದ್ರೇನು? ಇಲ್ಲ. ಬಾಟ್ಲಿ ಮುಚ್ಚಿ ಟ್ರಂಕಿನ ಹಿಂದ ಇಟ್ಟೆ. ಒಂದ ದಿನ ಬಾಯಿ ಮುಚ್ಚಿಕೊಂಡರ ಸಾಕು, ಅಡಗಿಮನಿಗೆ ನಳ ಬರ್ತಿತ್ತು. ರೊಟ್ಟಿ ಬಡಿದೆ, ಪಲ್ಯ ಮಾಡಿದೆ, ಬುತ್ತಿ ಕಟ್ಟಿಕೊಂಡು ಶೆಡ್ಡಿಗೆ ಹೋದೆ. ಅಲ್ಲಿ ನಮ್ಮವರು ನಟ್ಟು ಬಿಚ್ಚೋ ಪಾನಾಗಳನ್ನ ಒಂದೊಂದ ಸೀಮೆಎಣ್ಣಿಯೊಳಗ ತೊಳೆದು, ಗ್ರೀಸು ಸವರಿ, ಗೋಣಿಚೀಲದಾಗ ಸುತ್ತಿ ಇಡ್ತಿದ್ದರು. ದಿನಾ ಕೈಯಾಗಿರೋ ಪಾನಾಕ್ಕ ಯಾರೂ ಹಂಗ ಗ್ರೀಸು ಹಚ್ಚಂಗಿಲ್ಲ. ನೋಡಲಾರದ ಅಂದೆ:

"ರೀ, ಕ್ಲಚ್ಚಿಗೆ ಕೊಬ್ಬರಿ ಎಣ್ಣಿ ಹಾಕಿದರ ಏನಾಗತೈತಿ?"

"ಯಾವ ಹುಚ್ಚ ಹಾಕ್ತಾನ?" ಅಂದರು.

"ಹೊಟ್ಟಿ ಮುಂದ ಬರ್ತೈತಲ್ಲ, ಆ ಹುಚ್ಚ."

ಜಿಗಿದೆದ್ದರು. ಪೈಪು ಬಿಚ್ಚಿ ಲೋಟಕ್ಕ ಎಣ್ಣಿ ಇಳಿಸಿದರು. ಗೋಲಾ ಮಾರಾವನ ಗಾಡಿಯಿಂದ ಬರ್ಫ ತಂದು ಸುತ್ತ ಒಟ್ಟಿದರು. ಸ್ವಲ್ಪ ಹೊತ್ತಿಗೆ ಮ್ಯಾಲಿನ ಎಣ್ಣಿ ಬೆಳ್ಳಗಾಗಿ ಹೆಪ್ಪುಗಟ್ಟಿತು. ನಮ್ಮವರು ಅದನ್ನ ನೋಡಿದರು, ನನ್ನ ನೋಡಿದರು, ಎರಡೂ ಕೈಲೆ ತಲಿ ಬಡಕೊಂಡು ನಕ್ಕರು. ಪೈಪು ತೊಳೆದು, ಉಬ್ಬಿದ ರಬ್ಬರು ಕಿತ್ತು ಬ್ಯಾರೆ ಹಾಕಿ, ಖರೇ ಕ್ಲಚ್ ಎಣ್ಣಿ ತುಂಬೋದರಾಗ ಸಂಜಿ ಆತು.

ರವಿವಾರ ಗಾಡಿ ಜುಹೂಕ್ಕ ಹೋಗಿ ನಮ್ಮ ಚಾಳಿಗೂ ಬಂತು. ಮೋಹಿನಿ ಇಳಿದು, "ಈ ಮನುಷ್ಯನ ತಲೆಗೆ ಎಣ್ಣೆ ಕಮ್ಮಿಯಾಗಿ ಕಾರಿಗೆ ಜಾಸ್ತಿಯಾದದ್ದು ಹಾಲವ್ವಕ್ಕ" ಅಂದಳು. ಸದಾನಂದಣ್ಣ ಕಿವಿತನಕ ನಕ್ಕ. "ಆದ್ರೂ ಎಣ್ಣೆ ಶುದ್ಧವೇ ಇತ್ತು" ಅಂದ.

ಅವರು ಹೋದ ಮ್ಯಾಲೆ ನಮ್ಮವರು ಕೇಳಿದರು, "ನಿನಗ ಯಾವಾಗ ತಿಳೀತು?"

"ಹತ್ತಕ್ಕ."

"ಹೇಳಿದ್ದು ಒಂದಕ್ಕ. ನಡುವ ಮೂರು ತಾಸು ಏನು ಮಾಡಿದಿ?"

ಸುಳ್ಳು ಯಾಕ ಹೇಳ್ಲಿ? "ವಿಕ್ರೋಳಿ ನಳದ ನೀರು ತುಂಬ್ತಿದ್ದೆ" ಅಂದೆ. ಅವರ ಮಾರಿ ಸಣ್ಣದಾತು.

ಸೋಮವಾರ ನಾಕಕ್ಕ ಎದ್ದರ ಕೊಡ ಇಲ್ಲ, ಬಕೀಟು ಇಲ್ಲ. ಯಾರು ಹೊಡಕೊಂಡು ಹೋದರು ಅಂತ ಬೈಕೋತ ಕೆಳಗ ಇಳಿದೆ. ನಳದ ಮುಂದ ಹೆಂಗಸರ ಸಾಲಿನ್ಯಾಗ, ಸುಂದ್ರವ್ವ ನೀಲಾಬಾಯಿ ನಡುವ, ತಲಿಗೆ ಮಫ್ಲರು ಸುತ್ತಿಕೊಂಡು ನಮ್ಮವರು ನಿಂತಿದ್ದರು. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಗ್ತಿದ್ದರು. ಇವರು ನನ್ನ ನೋಡಿ, "ನೀ ಮಲಗು ಹೋಗ, ನನ್ನ ಪಾಳಿ ಇನ್ನೂ ಏಳನೇದು" ಅಂದರು.