ಏಕಾದಶಿಯ ಗಂಜಿ

ಮಣಿಪಾಲದ ಆಸ್ಪತ್ರೆಯ ಎದುರು, ರೋಗಿಗಳ ಕಡೆಯವರಿಗೆ ಮಧ್ಯಾಹ್ನ ಗಂಜಿ ಬಡಿಸುವ ನಮ್ಮ ಸಂಘಕ್ಕೆ ಒಂಬತ್ತು ವರ್ಷಗಳಿಂದ ನಾನೇ ಕಾರ್ಯದರ್ಶಿ. ಅಕ್ಕಿ ಬರುತ್ತಿದ್ದುದು ಅಂಬಲಪಾಡಿಯಿಂದ ಕಾಪುವಿನವರೆಗಿನ ಕೆಲವು ಮನೆಗಳಿಂದ. ಅಲ್ಲಿನ ಅಜ್ಜಿಯರು ದಿನವೂ ಅನ್ನಕ್ಕಿಡುವ ಮೊದಲು ಒಂದು ಮುಷ್ಟಿ ಅಕ್ಕಿಯನ್ನು ದೇವರ ಹೆಸರಿನಲ್ಲಿ ಬೇರೆ ಮಡಕೆಗೆ ಹಾಕುತ್ತಿದ್ದರು. ಅಜ್ಜಿಯರು ಒಬ್ಬೊಬ್ಬರಾಗಿ ಹೊರಟುಹೋದರು. ಮಡಕೆಗಳಲ್ಲಿ ಸೊಸೆಯಂದಿರು ಹುಣಸೆಹುಳಿ ತುಂಬಿಟ್ಟರು. ೧೯೭೮ರ ಮಳೆಗಾಲದಲ್ಲಿ ಅಡುಗೆಯ ವಿಠಲ ಅಕ್ಕಿಡಬ್ಬದ ತಳ ಬಡಿದು ತೋರಿಸಿದ. ಎಳೆಯರು ಯಾರಾದರೂ ಕೈಜೋಡಿಸದಿದ್ದರೆ ದೀಪಾವಳಿಯ ಹೊತ್ತಿಗೆ ನಮ್ಮ ಒಲೆ ಆರುವುದು ಖಂಡಿತವಾಗಿತ್ತು.

ಎಳೆಯರನ್ನು ಒಲಿಸುವ ವಿದ್ಯೆ ನನಗೆ ಗೊತ್ತೆಂದು ನಂಬಿದ್ದೆ. ಮೂವತ್ತೆರಡು ವರ್ಷ ಪಾಠ ಹೇಳಿದವನಿಗೆ ಅಂಥ ಭ್ರಮೆ ಸಹಜ. ಮೊದಲು ‘ಉದಾರಚರಿತರಾದ ಯುವಜನರಲ್ಲಿ ಸವಿನಯ ವಿಜ್ಞಾಪನೆ’ ಎಂದು ಐನೂರು ಪ್ರತಿ ಅಚ್ಚು ಹಾಕಿಸಿ ಹಂಚಿದೆ. ವಾರ ಕಳೆದು ಕಟಪಾಡಿಯಲ್ಲಿ ಬಸ್ಸಿಗೆ ಕಾಯುತ್ತ ನೆಲಗಡಲೆ ಕೊಂಡರೆ, ಪೊಟ್ಟಣದ ಮೇಲೆ ನನ್ನದೇ ಸಹಿ. ಕಡಲೆ ಚೆನ್ನಾಗಿತ್ತು.

ಆಮೇಲೆ, ದಾನಿಗಳ ಹೆಸರು ಕೆತ್ತಿಸಲೆಂದು ಕಾರ್ಕಳದಿಂದ ದೊಡ್ಡದೊಂದು ಕರಿಕಲ್ಲಿನ ಹಲಗೆ ತರಿಸಿದೆ. ಅದರ ಬಲದ ಮೇಲೆ ಮಣಿಪಾಲದ ಒಂದು ಬ್ಯಾಂಕಿನ ಎಳೆಯ ಗುಮಾಸ್ತರ ಮುಂದೆ ಮುಕ್ಕಾಲು ಗಂಟೆ ಮಾತಾಡಿದೆ. ಬಲಿ, ಶಿಬಿ, ಕರ್ಣ ಮೂವರನ್ನೂ ಜೊತೆಗೆ ಕರೆದೊಯ್ದಿದ್ದೆ. ಕೊನೆಗೆ ದೇವದಾಸನೆಂಬ ಗುಮಾಸ್ತ ಎದ್ದು, ಕಲ್ಲಿನ ಮೇಲೆ ಹೆಸರು ಬರೆಸುವುದು ಬದುಕಿರುವಾಗಲೋ ಸತ್ತ ಮೇಲೋ ಎಂದು ಬಹಳ ವಿನಯದಿಂದ ಕೇಳಿದ. ಎಲ್ಲರೂ ನಕ್ಕರು. ಕರ್ಣನೂ ನಕ್ಕಿರಬೇಕು.

ಅವನ ಪಕ್ಕದಲ್ಲಿದ್ದ ಸುಭಾಷಿಣಿ ಮಾತ್ರ ನಗಲಿಲ್ಲ. ಕೊಡುವ ಮೊದಲು ಒಮ್ಮೆ ಬಂದು ನೋಡುತ್ತೇವೆ, ಬರುವ ಆದಿತ್ಯವಾರ ಹತ್ತು ಮಂದಿ ಬರಬಹುದೇ ಎಂದಳು. ಕ್ಷೌರಕ್ಕೂ ಪಂಚಾಂಗ ನೋಡುವ ನಾನು, ಸಂತೋಷದ ಭರದಲ್ಲಿ ಅದನ್ನು ತೆರೆಯದೆಯೇ ಒಪ್ಪಿಬಿಟ್ಟೆ.

ಆದಿತ್ಯವಾರ ಬೆಳಿಗ್ಗೆ ಮಡದಿ ನರ್ಮದಾ ಒಲೆ ಹಚ್ಚದೆ ಜಪಕ್ಕೆ ಕುಳಿತಾಗ ಓಡಿಹೋಗಿ ಪಂಚಾಂಗ ತೆರೆದೆ. ಏಕಾದಶಿ. ಅಂದು ನನಗೆ ನೀರು ಮಾತ್ರ. ಕಾರ್ಯದರ್ಶಿಯ ಉಪವಾಸವೆಂದರೆ ಸಂಘದ್ದೂ ಉಪವಾಸವೆಂದು ಗಂಜಿಯ ಒಲೆಗೂ ಅಂದು ರಜೆ. ಇದು ಸರಿಯೇ ಎಂದು ಒಂಬತ್ತು ವರ್ಷ ಯಾರೂ ಕೇಳಿರಲಿಲ್ಲ, ಕೇಳಬೇಕಾದವರು ಹಸಿದಿದ್ದರು. ಊಟದ ಗಲಾಟೆಯಿಲ್ಲದೆ ಭಾಷಣ ಮಾಡಬಹುದಲ್ಲ ಎಂದು ನಾನು ಸಮಾಧಾನ ತಂದುಕೊಂಡೆ. ಪಾತ್ರೆಗಳನ್ನು ಫಳಫಳ ಬೆಳಗಿ ಸಾಲಾಗಿಡಲು ವಿಠಲನಿಗೆ ಹೇಳಿಕಳುಹಿಸಿದೆ.

ಬ್ಯಾಂಕಿನವರು ಬಂದಾಗ ಸಂಘದ ಅಡುಗೆಮನೆಯ ಜಗಲಿಯಲ್ಲಿ ಬರ್ತಾ ಬಾಯಿ ಎಂಬ ಕ್ರೈಸ್ತ ಹೆಂಗಸೊಬ್ಬರು ಕುಳಿತಿದ್ದರು. ಕಾರ್ಕಳದ ಕಡೆಯವರು, ಹಿಂದಿನ ದಿನವಷ್ಟೇ ಗಂಡನನ್ನು ಆಸ್ಪತ್ರೆಗೆ ಸೇರಿಸಿದ್ದರು. ಮಡಿಲಲ್ಲಿ ಖಾಲಿ ಪಾತ್ರೆ.

"ಇವತ್ತು ಗಂಜಿ ಇಲ್ವಾ ಮಾಷ್ಟ್ರೇ?" ಎಂದು ಕೇಳಿದಳು ಸುಭಾಷಿಣಿ.

"ಏಕಾದಶಿ ಅಲ್ವಾ ಮಗಳೇ."

ಬರ್ತಾ ಬಾಯಿ ತಲೆಯೆತ್ತಿದರು. "ಅದು ನಮಗೆ ಇಲ್ಲ ಮಾಷ್ಟ್ರೇ. ನಮ್ಮದು ಶುಕ್ರವಾರ. ಅದೂ ಈಸ್ಟರಿನ ಮೊದಲು."

ಏಕಾದಶಿಯಂದು ಪಾಪಗಳೆಲ್ಲ ಅನ್ನದಲ್ಲಿ ಬಂದು ಕೂರುತ್ತವೆಂದು ವಿವರಿಸಲು ಬಾಯಿ ತೆರೆದವನು, ಆ ಪಾತ್ರೆಯನ್ನು ಕಂಡು ಮುಚ್ಚಿದೆ. ಪಾಪ ಎಲ್ಲಿ ಕೂತಿದೆಯೆಂಬ ಬಗ್ಗೆ ನನಗೇ ಸಂಶಯ ಬಂತು. ಅಷ್ಟರಲ್ಲಿ ದೇವದಾಸ ಅಂಗಡಿಯಿಂದ ಅಕ್ಕಿ ಹೊತ್ತು ತಂದಿದ್ದ. ವಿಠಲ ನನ್ನ ಮುಖ ನೋಡಿದ.

"ಹಚ್ಚು ಮಾರಾಯ," ಎಂದೆ. ದೇವರ ಕೋಣೆಯ ಕೃಷ್ಣನ ಹತ್ತಿರ ಆಮೇಲೆ ಮಾತಾಡಿಕೊಳ್ಳೋಣವೆಂದುಕೊಂಡೆ.

ಕುಚ್ಚಲಕ್ಕಿ ಬೇಯಲು ಗಂಟೆಗೂ ಹೆಚ್ಚು ಬೇಕು. ಭಾಷಣಕ್ಕೆ ಧಾರಾಳ ಸಮಯವಿತ್ತು. ಕೇಳಲು ಮಾತ್ರ ಯಾರಿಗೂ ಪುರುಸೊತ್ತಿರಲಿಲ್ಲ. ಕೆಲವರು ಚಟ್ನಿಗೆ ತೆಂಗಿನಕಾಯಿ ತುರಿದರು, ಕೆಲವರು ಆಸ್ಪತ್ರೆಯ ಗೇಟಿನಿಂದ ಜನರನ್ನು ಕರೆತಂದರು. ನನ್ನ ಕೈಗೊಂದು ಸೌಟು ಬಂತು. ಬರ್ತಾ ಬಾಯಿಯ ಪಾತ್ರೆಗೆ ಬಡಿಸುವಾಗ ಗಂಜಿಯ ಆವಿ ಮೂಗಿಗೆ ಹೊಡೆದು, ನನ್ನ ಹೊಟ್ಟೆ ಎಲ್ಲರಿಗೂ ಕೇಳುವಂತೆ ಗುಡುಗಿತು.

"ಮಾಷ್ಟ್ರ ಭಾಷಣ ಶುರುವಾಯಿತು," ಎಂದ ದೇವದಾಸ.

ಹೊರಡುವಾಗ ಸುಭಾಷಿಣಿ, ತಿಂಗಳ ಎರಡೂ ಏಕಾದಶಿ ತಮಗಿರಲಿ, ಹೆಸರು ಮಾತ್ರ ಎಲ್ಲೂ ಬೇಡ ಎಂದಳು. ಉಳಿದ ದಿನಗಳ ಗತಿಯೇನೆಂದು ನಾನು ಕೇಳಿದೆ.

"ನಮಗೆ ಬಡಿಸಲಿಕ್ಕೆ ಬಿಡಿ ಮಾಷ್ಟ್ರೇ. ಅಕ್ಕಿ ಬರ್ತದೆ."

ಬಂತು. ಬ್ಯಾಂಕಿನ ಚಹಾದ ಕೋಣೆಯಲ್ಲಿ ಅವರೊಂದು ಡಬ್ಬ ಇಟ್ಟರು; ಮನೆಯಿಂದ ಬರುವಾಗ ಒಬ್ಬೊಬ್ಬರೂ ಒಂದೊಂದು ಮುಷ್ಟಿ ಅಕ್ಕಿ ತರತೊಡಗಿದರು. ದೀಪಾವಳಿ ಕಳೆಯಿತು, ಒಲೆ ಆರಲಿಲ್ಲ.

ಕಾರ್ಕಳದ ಕಲ್ಲು ಈಗ ಅಡುಗೆಮನೆಯಲ್ಲಿ ಉಂಟು. ಕುದಿಯುವ ಹಂಡೆಯನ್ನು ಇಳಿಸಿಡಲು ಅಷ್ಟು ಗಟ್ಟಿಯಾದದ್ದು ಬೇರೆ ಇರಲಿಲ್ಲ. ಏಕಾದಶಿಯಂದು ಅದರ ಮೇಲೆ ಚೆಲ್ಲಿದ ಗಂಜಿಯನ್ನು ಒರೆಸುವ ಕೆಲಸ ನನ್ನದು. ಬಿಸಿಬಿಸಿ ಇರುವಾಗಲೇ ಒರೆಸಬೇಕು. ಹಸಿದವನಿಗೆ ಅದು ಸುಲಭದ ಕೆಲಸವಲ್ಲ.