ಬೆಚ್ಚಗಿದ್ದ ಬಾನೆಟ್ಟು

ಬಣಕಲ್ ದಾಟಿ ಕೊಟ್ಟಿಗೆಹಾರದ ಕಡೆಗೆ ಹೋಗುವಾಗ, ಮೊದಲ ದೊಡ್ಡ ತಿರುವು ಮುಗಿಯುವಲ್ಲಿ ಅಹಮದ್ ಸಾಹೇಬರ ಹಳೇ ಸಾಮಾನಿನ ಅಂಗಳವಿದೆ. ಅದನ್ನು ಗುಜರಿ ಎಂದು ಕರೆದವರಿಗೆ ಸಾಹೇಬರು ಆ ದಿನ ಏನನ್ನೂ ಮಾರುತ್ತಿರಲಿಲ್ಲ. ಗುಜರಿಗೆ ವಸ್ತುಗಳು ಸಾಯಲು ಹೋಗುತ್ತವೆ, ನನ್ನಲ್ಲಿಗೆ ಮನೆ ಬದಲಾಯಿಸಲು ಬರುತ್ತವೆ ಎನ್ನುತ್ತಿದ್ದರು. ಅದು ನಿಜವೇ ಆಗಿತ್ತು. ಎಸ್ಟೇಟ್ ಬಂಗಲೆಯಲ್ಲಿ ಮೂರು ತಲೆಮಾರಿಗೆ ಊಟ ಬಡಿಸಿದ ಮೇಜು ಇಲ್ಲಿ ಒಂದು ವಾರ ದಣಿವಾರಿಸಿಕೊಂಡು ಬಾಳೂರಿನ ಹೋಟೆಲಿಗೆ ಹೋಗುತ್ತಿತ್ತು. ಎಸ್ಟೇಟ್ ರೈಟರ ಮನೆಯ ಫ್ರಿಜ್ಜು ಕೂಲಿಯವರ ಲೈನ್‌ಮನೆಗೆ, ಲೈನ್‌ಮನೆಯ ಹೊಲಿಗೆ ಯಂತ್ರ ಮೂಡಿಗೆರೆಯ ಮದುಮಗಳಿಗೆ. ಸಾಹೇಬರ ಮಗಳು ನಿಖತ್ ಚಿಕ್ಕವಳಿದ್ದಾಗ, ಬಂದ ಮಂಚಗಳಲ್ಲೆಲ್ಲ ಒಂದೊಂದು ಮಧ್ಯಾಹ್ನ ಮಲಗಿ ಏಳುತ್ತಿದ್ದಳು. ಹಿಂದೆ ಅದರಲ್ಲಿ ಮಲಗಿದವರ ಕನಸು ದಿಂಬಿನ ಕಡೆಯ ಹಲಗೆಯಲ್ಲಿ ಸಿಕ್ಕಿಕೊಂಡಿರುತ್ತದೆ ಎಂದು ಅವಳು ನಂಬಿದ್ದಳು. ಇಪ್ಪತ್ತಮೂರು ತುಂಬಿದ ಮೇಲೂ ಆ ನಂಬಿಕೆ ಪೂರ್ತಿ ಹೋಗಿರಲಿಲ್ಲ.

ಆದರೆ ಸಾಹೇಬರ ಹೆಸರು ಘಟ್ಟದ ಬುಡದವರೆಗೂ ಹಬ್ಬಿದ್ದು ಮಂಚದಿಂದಲ್ಲ, ಜೀಪಿನಿಂದ. ಹಳೇ ಡೀಸೆಲ್ ಜೀಪಿನ ನಿಜ ಬಣ್ಣ ಗೊತ್ತಾಗುವುದು ಅದನ್ನು ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ. ಅದಕ್ಕೇ ಮಾರುವವರು ಗಿರಾಕಿ ಬರುವ ಮೊದಲೇ ಒಂದು ಸಲ ಸ್ಟಾರ್ಟ್ ಮಾಡಿ ಬಿಸಿ ಮಾಡಿ ಇಟ್ಟಿರುತ್ತಾರೆ. ಸಾಹೇಬರು ಬೆಳಕು ಹರಿಯುವ ಹೊತ್ತಿಗೇ ಹೋಗಿ ನಿಲ್ಲುತ್ತಿದ್ದರು. ಬಾನೆಟ್ಟು ಎತ್ತುತ್ತಿರಲಿಲ್ಲ. ಅದರ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚುತ್ತಿದ್ದರು, ಅಷ್ಟೆ. ಬೆಚ್ಚಗಿದ್ದರೆ ಎಂಜಿನ್ನಿಗೆ ಜೀವ ಇದೆ, ಮಾರುವವರ ಮನಸ್ಸಿನಲ್ಲಿ ಮಾತ್ರ ಸ್ವಲ್ಪ ಅಳುಕಿದೆ ಎಂದು ತಿಳಿದು ಮಾತು ಶುರುಮಾಡುತ್ತಿದ್ದರು. ಮಾತು ಮುಗಿದದ್ದಕ್ಕೆ ಗುರುತು ಕೀಲಿ. ಆ ಕಡೆಯ ವ್ಯಾಪಾರದ ಪದ್ಧತಿ ಅದು. ಕೊಳ್ಳುವವರ ಕೈಗೆ ಕೀಲಿ ಬಂತೆಂದರೆ ಮಾರಿದವರು ಬೇಡವೆನ್ನುವಂತಿಲ್ಲ, ಕೊಂಡವರು ದೂರುವಂತಿಲ್ಲ. ಗಾಡಿಯೊಳಗೆ ಇರುವುದೆಲ್ಲ, ಅದರ ರೋಗವೂ ಸೇರಿ, ಕೊಂಡವರದ್ದು.

ಜನವರಿಯಲ್ಲಿ ಬೀಟೆ ಮರದ ಬೀರುವೊಂದನ್ನು ಲಾರಿಯಿಂದ ಇಳಿಸುವಾಗ ಸಾಹೇಬರು ಕಾಲು ಮುರಿದುಕೊಂಡರು. ಮೂಡಿಗೆರೆಯ ಹಾರ್ಡ್‌ವೇರ್ ವ್ಯಾಪಾರಿಯೊಬ್ಬರು ಆ ಅಂಗಳವನ್ನು ಲೀಸಿಗೆ ಕೇಳತೊಡಗಿದರು. ಕೊಟ್ಟುಬಿಡಿ, ಹೆಣ್ಣುಮಗಳು ಜೀಪಿನ ವ್ಯಾಪಾರ ಮಾಡುವುದುಂಟೇ ಎಂದು ನೆಂಟರೂ ಸೇರಿಸಿದರು. ಸಾಹೇಬರು ಗೋಡೆಗೆ ಒರಗಿ ಎರಡು ದಿನ ಯೋಚಿಸಿ ಮಗಳನ್ನು ಕರೆದರು. ಕೊಟ್ಟಿಗೆಹಾರದಿಂದ ಪ್ರವಾಸಿಗರನ್ನು ಗುಡ್ಡ ಹತ್ತಿಸುವ ರುದ್ರೇಶನಿಗೆ ಶುಕ್ರವಾರದೊಳಗೆ ಒಂದು ಜೀಪು ಬೇಕಿತ್ತು.

"ಒಂದೇ ಒಂದು ಜೀಪು," ಎಂದರು. "ನೀನೇ ಹುಡ್ಕು, ನೀನೇ ಕೈಯಿಟ್ಟು ನೋಡು, ನೀನೇ ಮಾರು. ಆಮೇಲೆ ಮೂಡಿಗೆರೆಯವ್ರಿಗೆ ಎಂತ ಹೇಳ್ಬೇಕೋ ಹೇಳ್ತೀನಿ."

ಸೋಮವಾರ ಬೆಳಿಗ್ಗೆ ನಿಖತ್ ಶಂಕರಮ್ಮನವರ ತೋಟಕ್ಕೆ ಹೋದಳು. ಕೊಟ್ಟಿಗೆಹಾರದಿಂದ ಒಳಗೆ ಮೂರು ಮೈಲಿ, ಹತ್ತು ಎಕರೆ ರೊಬಸ್ಟಾ ಕಾಫಿ. ಅರವತ್ತು ದಾಟಿದ ಶಂಕರಮ್ಮನವರು ತಲೆಗೆ ಟವೆಲ್ ಸುತ್ತಿ ತಾವೇ ಕಣ ಗುಡಿಸುತ್ತಿದ್ದರು. ಹೊಸ ಪಿಕಪ್ ಬಂದ ಮೇಲೆ ಜೀಪನ್ನು ಕೇಳುವವರಿರಲಿಲ್ಲ. ಕಣದ ಆಚೆ, ಹಲಸಿನ ಮರದ ಬುಡದ ಶೆಡ್ಡಿನಲ್ಲಿ ಅದು ನಿಂತುಬಿಟ್ಟಿತ್ತು. ಮೂರು ವರ್ಷದಿಂದ ಯಾರೂ ಮುಟ್ಟಿಲ್ಲ, ಸುಮ್ಮನೆ ಜಾಗ ತಿನ್ನುತ್ತಿದೆ ಎಂದು ಅವರು ಪೊರಕೆಯಿಂದಲೇ ದಾರಿ ತೋರಿಸಿದರು.

ಮಂಜು ಶೆಡ್ಡಿನ ಒಳಗೂ ನುಗ್ಗಿತ್ತು. ಜೀಪಿನ ಮೈಮೇಲೆಲ್ಲ ಇಬ್ಬನಿ ಕೂತಿತ್ತು. ನಿಖತ್ ಅಪ್ಪನಂತೆಯೇ ಚಪ್ಪಲಿ ಬಿಟ್ಟು, ಅಪ್ಪನಂತೆಯೇ ಕಣ್ಣು ಮುಚ್ಚಿ, ಬಾನೆಟ್ಟಿನ ನಡುವೆ ಅಂಗೈಯಿಟ್ಟಳು.

ಬೆಚ್ಚಗಿತ್ತು.

ಕೈ ತೆಗೆದು ಒಮ್ಮೆ ಮಡ್‌ಗಾರ್ಡ್ ಮುಟ್ಟಿ ನೋಡಿದಳು, ಅದು ಹಿಮದಂತೆ ಕೊರೆಯುತ್ತಿತ್ತು. ಮತ್ತೆ ಬಾನೆಟ್ಟು ಮುಟ್ಟಿದಳು. ಬೆಚ್ಚಗಷ್ಟೇ ಅಲ್ಲ, ಒಳಗೆಲ್ಲೋ ಸಣ್ಣಗೆ ನಡುಗುತ್ತಿತ್ತು ಕೂಡ, ಆಗಷ್ಟೇ ನಿಲ್ಲಿಸಿದ ಎಂಜಿನ್ನಿನ ಹಾಗೆ. ಮೂರು ವರ್ಷದಿಂದ ಮುಟ್ಟಿಲ್ಲವಂತೆ! ಶಂಕರಮ್ಮನವರ ಕಳ್ಳತನ ಹಿಡಿದೆನೆಂದು ಅವಳಿಗೆ ಒಳಗೊಳಗೇ ನಗು ಬಂತು. ಬಾನೆಟ್ಟು ಎತ್ತಿ ನೋಡಬೇಕೆಂದು ಅನ್ನಿಸಲಿಲ್ಲ. ಅಪ್ಪ ಎತ್ತುತ್ತಿರಲಿಲ್ಲವಲ್ಲ. ಹದವಾಗಿ ಮಾತಾಡಿ, ಹದವಾಗಿ ಸೋತು, ಕಾಫಿ ಕುಡಿದು, ಕೀಲಿ ತೆಗೆದುಕೊಂಡಳು.

ಸಂಜೆ ಸಾಹೇಬರು ಕೇಳಿದ್ದು ಒಂದೇ ಮಾತು: ಕೈ ಏನು ಹೇಳಿತು? ಬೆಚ್ಚಗಿತ್ತು ಎಂದಳು. ಅವರು ತಲೆಯಾಡಿಸಿ, ಬಹಳ ದಿನದ ಮೇಲೆ ಹೊಟ್ಟೆ ತುಂಬಾ ಉಂಡರು.

ಬುಧವಾರ ಹನ್ನೊಂದರ ಬಿಸಿಲಲ್ಲಿ ಬ್ಯಾಟರಿ, ಡೀಸೆಲ್ ಕ್ಯಾನು ಹೊತ್ತು ಮೆಕ್ಯಾನಿಕ್ ಉಬೈದನ ಜೊತೆ ಅವಳು ಮತ್ತೆ ಅಲ್ಲಿಗೆ ಹೋದಳು. ಶೆಡ್ಡಿನ ಬಾಗಿಲಲ್ಲೇ ಉಬೈದ್ ನಿಂತುಬಿಟ್ಟ. ಜೀಪಿನ ಅಡಿಯಿಂದ, ಎಂಜಿನ್ನಿನ ಕೆಳಗಿನ ಸಂದಿಯಿಂದ, ಬಂಗಾರದ ಚುಕ್ಕಿಗಳು ಎಳೆ ಹಿಡಿದಂತೆ ಹೊರಗೆ ಬರುತ್ತಿದ್ದವು, ಇನ್ನೊಂದು ಎಳೆ ಒಳಗೆ ಹೋಗುತ್ತಿತ್ತು.

"ನೀನು ತಗೊಂಡಿದ್ದು ಜೀಪಲ್ಲ ಮಾರಾಯ್ತಿ," ಎಂದ ಅವನು ಮೆಲ್ಲಗೆ. "ತುಡುವೆ ಜೇನು."

ಇಬ್ಬರೂ ಸೇರಿ ಕೊಂಡಿ ಬಿಡಿಸಿ, ನಿದ್ದೆ ಹೋದ ಮಗುವಿನ ಹೊದಿಕೆ ಸರಿಸುವಷ್ಟು ನಿಧಾನವಾಗಿ ಬಾನೆಟ್ಟು ಎತ್ತಿದರು. ಅದರ ಒಳಮೈಗೆ ಏಳು ಎರಿಗಳು, ಮೇಣದ ತಟ್ಟಿಗಳು, ಸಾಲಾಗಿ ಇಳಿಬಿದ್ದಿದ್ದವು, ಒಂದೊಂದೂ ಗೇಣುದ್ದ. ಎಲ್ಲವನ್ನೂ ಜೇನುನೊಣಗಳು ಹೊದ್ದುಕೊಂಡಿದ್ದವು. ಬೆಳಕು ಬಿದ್ದದ್ದೇ ಆ ಹೊದಿಕೆಯ ಮೇಲೆ ಒಂದು ಅಲೆ ಈ ತುದಿಯಿಂದ ಆ ತುದಿಗೆ ಹೊಳೆದು ಹೋಯಿತು, ಗಾಳಿಗೆ ಗದ್ದೆ ಹೊಳೆಯುವಂತೆ. ಕೆಳಗೆ ಎಂಜಿನ್ನು ಮೇಣದ ಹುಡಿ ಮೆತ್ತಿಕೊಂಡು ಮುಳುಗಿದ ಹಡಗಿನಂತೆ ಕೂತಿತ್ತು. ಮುಚ್ಚಳದ ಕೆಳಗಿನ ಪಟ್ಟಣವೊಂದರ ಕಥೆಯನ್ನು ಅಜ್ಜಿ ರೌಶನ್ ಬೀ ಹೇಳುತ್ತಿದ್ದರು. ಅಲ್ಲಿ ಹತ್ತು ಸಾವಿರ ಆಳುಗಳು, ಒಬ್ಬಳೇ ರಾಣಿ. ಮುಚ್ಚಳ ತೆಗೆದವರಿಗೆ ಮಾತು ನಿಂತುಹೋಗುತ್ತಿತ್ತಂತೆ. ಸೋಮವಾರ ನಿಖತ್ ಹಿಡಿದದ್ದು ಶಂಕರಮ್ಮನವರ ಸುಳ್ಳನ್ನಲ್ಲ. ಮಂಜಿನ ಬೆಳಗಿನಲ್ಲಿ ಹೊರಗೆ ಹಾರಲಾಗದೆ, ಮೈಗೆ ಮೈ ಒತ್ತಿ ಮರಿಗಳನ್ನು ಕಾಯುತ್ತಿದ್ದ ಸಾವಿರಾರು ಜೀವಗಳ ಬಿಸಿಯನ್ನು.

ಬಾನೆಟ್ಟು ಮುಚ್ಚಿದ ಮೇಲೆ ಉಬೈದ್ ಲೆಕ್ಕಾಚಾರಕ್ಕೆ ಇಳಿದ. ಒಣ ತೆಂಗಿನ ಗರಿಗೆ ಬೆಂಕಿ ಕೊಟ್ಟು ಅಡಿಯಿಂದ ಹೊಗೆ ಹಾಕಿದರೆ ಒಂದು ಗಂಟೆಯಲ್ಲಿ ಎಲ್ಲ ಖಾಲಿ. ಸಂಜೆಯೊಳಗೆ ಡೀಸೆಲ್ ಲೈನ್ ತೊಳೆದು, ನಾಳೆ ಸ್ಟಾರ್ಟ್ ಮಾಡಿ, ನಾಡಿದ್ದು ಶುಕ್ರವಾರ ರುದ್ರೇಶನ ಮನೆ ಬಾಗಿಲಿಗೆ ನಿಲ್ಲಿಸಬಹುದು. ಅವನು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ.

ಸದ್ದು ಕೇಳಿ ಬಂದ ಶಂಕರಮ್ಮನವರು ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಜೇನು ಹಲಸಿನ ಪೊಟರೆಯಲ್ಲಿದೆ ಎಂದೇ ಇಷ್ಟು ದಿನ ಅಂದುಕೊಂಡಿದ್ದರಂತೆ. ನಿಖತ್ ಅವರ ಮುಖ ನೋಡಿದಳು. ಅವರು ತೋಟದ ಕಡೆ ನೋಡುತ್ತಿದ್ದರು. ಕಾಫಿ ಅರಳಿಸುವ ಹೂಮಳೆ ಬಿದ್ದು ಏಳು ದಿನವಾಗಿತ್ತು. ರೆಂಬೆರೆಂಬೆಗೂ ಮೊಗ್ಗು ಬಿಳುಪೇರಿ ಬತ್ತಿಯಂತೆ ನಿಂತಿತ್ತು.

"ನಾಡಿದ್ದು ಹೂ ಬಿಡ್ತದೆ," ಎಂದರು. "ರೊಬಸ್ಟಾಕ್ಕೆ ಜೇನು ಕೂರ್ಬೇಕು, ಇಲ್ದಿದ್ರೆ ಕಾಯಿ ಕಚ್ಚಲ್ಲ. ಆದ್ರೆ ನಾನು ಹೇಳೋ ಹಾಗಿಲ್ಲ ಹುಡ್ಗಿ. ಕೀಲಿ ನಿನ್ ಕೈಲಿದೆ."

ಅಷ್ಟು ಹೇಳಿ ಕಣದ ಕಡೆ ನಡೆದರು. ಬೇಡಿಕೊಂಡಿದ್ದರೆ ನಿಖತ್‌ಗೆ ಸುಲಭವಾಗುತ್ತಿತ್ತು. ವ್ಯಾಪಾರ ಎಂದರೆ ವ್ಯಾಪಾರ ಎಂದುಬಿಡಬಹುದಿತ್ತು. ಗಾಡಿಯೊಳಗೆ ಇರುವುದೆಲ್ಲ ಕೊಂಡವರದ್ದು. ಹಾಗಾದರೆ ಈ ಪಟ್ಟಣವೂ ಅವಳದ್ದೇ, ರಾಣಿಯೂ ಅವಳವಳೇ. ಉಬೈದ್ ಆಗಲೇ ಗರಿ ಆಯತೊಡಗಿದ್ದ. ಹೂ ಉದುರುವ ತನಕ ಹೊಗೆ ಬೇಡ ಎಂದಳು ಅವಳು. ಅವನು ಗರಿ ಕೆಳಗೆ ಹಾಕಿ, ನಿಮ್ಮ ಅಬ್ಬನಿಗೆ ಏನು ಹೇಳುತ್ತೀಯ ಎಂದು ಕೇಳಿದ. ಅವಳು ಡೀಸೆಲ್ ಕ್ಯಾನು ಎತ್ತಿಕೊಂಡು ಹೊರಟಳು. ಅಪ್ಪನಿಗೆ ಆ ದಿನವೂ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ರುದ್ರೇಶನಿಗೆ ಮಾತ್ರ ಫೋನು ಮಾಡಿ, ಜೀಪು ತರುವುದಿಲ್ಲ, ಶುಕ್ರವಾರ ಬೆಳಿಗ್ಗೆ ತೋಟಕ್ಕೇ ಬಂದು ನೋಡಿ ಎಂದಳು.

ರುದ್ರೇಶ್ ಐವತ್ತರ ಹತ್ತಿರದ ಗಟ್ಟಿ ಆಳು, ಮೂರು ಜೀಪಿನ ಮಾಲೀಕ, ಯಾರನ್ನೂ ಬೇಗ ನಂಬುವವನಲ್ಲ. ಇದರಲ್ಲಿ ಏನೋ ಇದೆ ಎಂದು ಅನುಮಾನಿಸಿ ಬರುವ ಮೊದಲು ಅಂಗಳಕ್ಕೆ ಹೋಗಿ ಸಾಹೇಬರನ್ನೇ ಎತ್ತಿ ಕೂರಿಸಿಕೊಂಡು ಬಂದ. ಶೆಡ್ಡಿನ ಮುಂದೆ ನಿಂತಿದ್ದ ನಿಖತ್, ಊರುಗೋಲು ಮೊದಲು, ಬ್ಯಾಂಡೇಜಿನ ಕಾಲು ಆಮೇಲೆ ಇಳಿಯುವುದನ್ನು ಕಂಡು ಕೀಲಿಯನ್ನು ಬಿಗಿಯಾಗಿ ಹಿಡಿದಳು.

ಮಂಜು ದಟ್ಟವಾಗಿತ್ತು. ಹತ್ತು ಅಡಿ ಆಚೆಗೆ ಎಲ್ಲ ಬಿಳಿ. ಗಾಳಿಯಲ್ಲಿ ಮಾತ್ರ ಹೊಸದೊಂದು ಪರಿಮಳ ಇತ್ತು, ಉಸಿರಿಗೆ ಭಾರವಾಗುವಷ್ಟು.

ರುದ್ರೇಶ್ ಎರಡು ಸುತ್ತು ಬಂದು, ಟಯರಿಗೆ ಒದ್ದು, ಬಾನೆಟ್ಟಿನ ಮೇಲೆ ಕೈಯಿಟ್ಟ. ಅವನ ಹುಬ್ಬು ಏರಿತು.

"ಭಾರಿ ಇದೀಯ ತಂಗಿ. ನಾ ಬರೋ ಮೊದ್ಲೇ ಬಿಸಿ ಮಾಡಿಟ್ಟಿದೀಯ?"

ಸಾಹೇಬರು ಕುಂಟುತ್ತ ಬಂದು ಊರುಗೋಲನ್ನು ಮಡ್‌ಗಾರ್ಡಿಗೆ ಒರಗಿಸಿದರು. ತಮ್ಮ ಅಂಗೈಯಿಟ್ಟು ಕಣ್ಣು ಮುಚ್ಚಿದರು. ಅಂಗಳದಲ್ಲಿ ನಲವತ್ತು ವರ್ಷ ಮಾತಾಡಿದ ಕೈ ಅದು.

"ಜೀವ ಇದೆ," ಎಂದರು. "ಧೈರ್ಯವಾಗಿ ತಗೋ ರುದ್ರೇಶ."

ರುದ್ರೇಶನ ಸಂಶಯ ಅಲ್ಲಿಗೇ ಕರಗಿತು. ಅವನು ಕೀಲಿಗಾಗಿ ಕೈ ಚಾಚಿದ.

ಕೀಲಿ ನಿಖತ್‌ಳ ಮುಷ್ಟಿಯಲ್ಲಿತ್ತು. ಕೊಟ್ಟರೆ ಮುಗಿಯಿತು. ಆ ಚಾಚಿದ ಕೈಗೆ ಕೀಲಿ ಬಿದ್ದ ಕ್ಷಣದಿಂದ ಅವನು ದೂರುವಂತಿಲ್ಲ, ಅಂಗಳ ಅವಳದ್ದು, ಅಪ್ಪನ ಮಾತೂ ಉಳಿಯುತ್ತದೆ. ಪದ್ಧತಿಯ ಪ್ರಕಾರ ಅದರಲ್ಲಿ ಮೋಸವೂ ಇಲ್ಲ. ಕೊಡದಿದ್ದರೆ, ಸಾಹೇಬರ ಕೈ ತಪ್ಪು ಹೇಳಿತೆಂದು ಗಿರಾಕಿಯ ಮುಂದೆಯೇ ತೋರಿಸಿದಂತೆ.

"ಕೀಲಿ ಆಮೇಲೆ," ಎಂದಳು. "ಮೊದ್ಲು ಇದನ್ನ ನೋಡಿ. ಜೋರಾಗಿ ಮಾತಾಡ್ಬೇಡಿ."

ಕೊಂಡಿ ಬಿಡಿಸಿ ಬಾನೆಟ್ಟು ಎತ್ತಿದಳು.

ರುದ್ರೇಶ್ ಒಂದು ಹೆಜ್ಜೆ ಹಿಂದೆ ಸರಿದ. ಸಾಹೇಬರು ಸರಿಯಲಿಲ್ಲ. ಏಳು ಎರಿಗಳಿಂದ ಬಿಸಿಯುಸಿರು ಎದ್ದು ಅವರ ಮುಖಕ್ಕೆ ತಾಗಿತು, ಜೇನಿನ, ಮೇಣದ, ಮರಿಗಳ ವಾಸನೆಯ ಬಿಸಿ. ಅದೇ ಹೊತ್ತಿಗೆ ಮಲೆಯ ಆಚೆ ಸೂರ್ಯ ಏರಿರಬೇಕು, ಮಂಜು ಒಳಗಿನಿಂದ ಬೆಳಗತೊಡಗಿತು. ಮೊದಲ ನೊಣ ಹಾರಿತು. ಹಿಂದೆಯೇ ಹತ್ತು, ಆಮೇಲೆ ಎಣಿಸಲಾಗದಷ್ಟು, ಸಾಹೇಬರ ಕಿವಿಯ ಪಕ್ಕದಿಂದ, ಗಡ್ಡದ ಪಕ್ಕದಿಂದ, ಯಾರನ್ನೂ ಗಮನಿಸದೆ ಒಂದೇ ದಿಕ್ಕಿಗೆ. ಅವು ಹೋದ ಕಡೆಗೆ ಮೂವರೂ ತಿರುಗಿದರು. ಮಂಜು ಮೇಲೆ ಸರಿಯುತ್ತಿತ್ತು, ಬಿಳುಪು ಮಾತ್ರ ಸರಿಯಲಿಲ್ಲ. ಇಳಿಜಾರು ತುಂಬ, ಕಣ್ಣು ಹೋದಲ್ಲೆಲ್ಲ, ಒಂದು ಎಲೆಯೂ ಕಾಣದ ಹಾಗೆ ತೋಟ ಒಂದೇ ರಾತ್ರಿಯಲ್ಲಿ ಅರಳಿ ನಿಂತಿತ್ತು. ಕಣದಲ್ಲಿ ಶಂಕರಮ್ಮನವರು ಪೊರಕೆ ಹಿಡಿದು ಹಾಗೇ ನಿಂತಿದ್ದರು. ಆ ತೋಟದಲ್ಲಿ ನಲವತ್ತು ವರ್ಷದ ಹೂ ಕಂಡವರು ಅವರು. ಆದರೂ ನಿಂತಿದ್ದರು.

"ಸುಬ್‌ಹಾನಲ್ಲಾ," ಎಂದರು ಸಾಹೇಬರು, ಉಸಿರಿನಲ್ಲೇ.

ಎಷ್ಟೋ ಹೊತ್ತಿನ ಮೇಲೆ ರುದ್ರೇಶನಿಗೆ ಜೀಪು ನೆನಪಾಯಿತು. ಎಂಜಿನ್ನು ಹೇಗಿದೆ ಎಂದು ಪಿಸುಗುಟ್ಟಿದ. ಗೊತ್ತಿಲ್ಲ, ಸ್ಟಾರ್ಟೇ ಮಾಡಿಲ್ಲ ಎಂದಳು ನಿಖತ್. ಹೂ ಮುಗಿದ ಮೇಲೆ ಜೇನು ಸಾಕುವ ಭೂತಯ್ಯನವರು ಬಂದು ಎರಿಗಳನ್ನು ಬಾಳೆನಾರಿನಲ್ಲಿ ಪೆಟ್ಟಿಗೆಗೆ ಕಟ್ಟಿ ಇದೇ ಜಾಗದಲ್ಲಿ ಕೂರಿಸುತ್ತಾರೆ. ಅಲ್ಲಿಯತನಕ ಜೀಪು ಅಲುಗುವುದಿಲ್ಲ. ತನ್ನ ಕೈ ಮೋಸಹೋದದ್ದನ್ನೂ, ಬುಧವಾರದಿಂದ ಅದನ್ನು ಮುಚ್ಚಿಟ್ಟದ್ದನ್ನೂ ಅಪ್ಪನ ಮುಖ ನೋಡದೆ ಹೇಳಿ ಮುಗಿಸಿದಳು.

"ಸಾಹೇಬ್ರೇ, ನೀವಾದ್ರೂ ಒಂದು ಮಾತು ಹೇಳಿ," ಎಂದ ರುದ್ರೇಶ್.

ಸಾಹೇಬರು ತಮ್ಮ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದರು, ಅದು ಯಾರದೋ ಕೈ ಎನ್ನುವಂತೆ.

"ಅವಳ ಜಾಗದಲ್ಲಿದ್ದಿದ್ರೆ ನಾನೂ ಕೀಲಿ ತಗೊಳ್ತಿದ್ದೆ," ಎಂದರು ನಿಧಾನವಾಗಿ. "ತಗೊಂಡು, ಹೊಗೆನೂ ಹಾಕಿಸ್ತಿದ್ದೆ. ನನ್ ಹತ್ರ ಕೇಳ್ಬೇಡ ಮಾರಾಯ. ವ್ಯಾಪಾರ ಅವಳದ್ದು, ಅವಳ ಹತ್ರಾನೇ ಮಾತಾಡು."

ರುದ್ರೇಶ್ ಸುಲಭಕ್ಕೆ ಬಗ್ಗಲಿಲ್ಲ. ಶನಿವಾರಕ್ಕೆ ಜನ ಬುಕ್ ಆಗಿದ್ದಾರೆ, ಅವರನ್ನು ಬೆನ್ನ ಮೇಲೆ ಹೊತ್ತು ಹತ್ತಿಸಲೇ ಎಂದು ಕೇಳಿದ. ನಿಖತ್ ಅಂಗಳದ ಸ್ವಂತ ಓಡಾಟಕ್ಕಿದ್ದ ಹಸಿರು ಜೀಪನ್ನು ಹದಿನೈದು ದಿನಕ್ಕೆ ಬಾಡಿಗೆಯಿಲ್ಲದೆ ಕೊಡುವೆನೆಂದಳು. ಆಮೇಲೆ ಈ ಎಂಜಿನ್ನು ಎದ್ದರೆ ಇದನ್ನು ಕೊಳ್ಳಲಿ, ಏಳದಿದ್ದರೆ ನಷ್ಟ ತನ್ನದು. ಹಸಿರು ಜೀಪಿನ ಕ್ಲಚ್ಚು ಜಾರುತ್ತದಲ್ಲ ಎಂದ ಅವನು. ಜಾರುತ್ತದೆ, ಸರಿಮಾಡಿಸಿಯೇ ಕೊಡುತ್ತೇನೆ ಎಂದಳು ಅವಳು. ಇಬ್ಬರೂ ಪಿಸುದನಿಯಲ್ಲೇ ಜಗಳವಾಡುತ್ತ ಕಣದ ಕಡೆ ನಡೆದರು. ಕಾಫಿ ಬರುವಷ್ಟರಲ್ಲಿ ಅವನು ಒಪ್ಪಿದ್ದ.

ಸಾಹೇಬರು ಮಾತ್ರ ಶೆಡ್ಡಿನಲ್ಲೇ ಉಳಿದು, ಎರಡೂ ಕೈಯಿಂದ ಬಾನೆಟ್ಟನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಇಳಿಸಿ ಮುಚ್ಚಿದರು. ಆಮೇಲೆ ಊರುಗೋಲು ಊರುತ್ತ, ಆ ತೋಟದಲ್ಲಿ ಫೋನಿಗೆ ಸಿಗ್ನಲ್ ಸಿಗುವ ಒಂದೇ ಜಾಗವಾದ ಕಣದ ಮೂಲೆಗೆ ಹೋಗಿ ನಿಂತು, ಮೂಡಿಗೆರೆಗೆ ಫೋನು ಹಚ್ಚಿದರು. ಆ ಕಡೆಯವರಿಗೆ ಸರಿಯಾಗಿ ಕೇಳಿಸಲಿಲ್ಲವೇನೋ, ಒಂದೇ ಮಾತನ್ನು ಮೂರು ಸಲ ಹೇಳಬೇಕಾಯಿತು. ಅಂಗಳ ಖಾಲಿಯಿಲ್ಲ, ನನ್ನ ಮಗಳು ವ್ಯಾಪಾರ ಮಾಡುತ್ತಿದ್ದಾಳೆ ಎಂದು. ಮೂರನೆಯ ಸಲ ಅವರು ಹೇಳಿದ್ದು ಕಣದಲ್ಲಿ ಎಲ್ಲರಿಗೂ ಕೇಳಿಸಿತು. ನಿಖತ್ ಲೋಟ ಹಿಡಿದುಕೊಂಡು, ತಲೆಯ ಮೇಲಿಂದ ಬಿಳಿ ಹೂವಿನ ಕಡೆಗೆ ಹರಿಯುತ್ತಿದ್ದ ಆ ಬಂಗಾರದ ಎಳೆಯನ್ನು ನೋಡುತ್ತ ನಿಂತಳು. ಕಾಫಿ ಆರಿಹೋಯಿತು.