ಬೆನ್ನಕ್ಕನ ಆಸ್ಪತ್ರೆ

ಅಕ್ಕನ ಫೋನು ಬಂದಾಗ ನಾನು ರಸ್ತೆ ನಡುವಿನ ಕಟ್ಟೆಯ ಮೇಲೆ ನಿಂತು, ಕೈ ಚಾಚಿ, ಹಳೆಯ ಫೋಟೋವೊಂದನ್ನು ಎದುರಿನ ಬ್ಯಾಂಕಿಗೆ ಅಡ್ಡ ಹಿಡಿದಿದ್ದೆ. ಒಂದು ಕಣ್ಣು ಮುಚ್ಚಿ, ಫೋಟೋದ ಸೂರಿನ ಅಂಚನ್ನು ನಿಜವಾದ ಸೂರಿನ ಅಂಚಿಗೆ ಕೂಡಿಸುವುದು ನನ್ನ ಕಸುಬು. ಸರಿಯಾಗಿ ಕೂಡಿತೆಂದರೆ ಆವತ್ತು ಫೋಟೋ ತೆಗೆದವನು ನಿಂತಿದ್ದ ಜಾಗದಲ್ಲೇ ನೀವೂ ನಿಂತಿದ್ದೀರಿ ಎಂದು ಅರ್ಥ. ರಜೆಯ ದಿನ ಹಳೆಯ ಕಟ್ಟಡ, ಹಳೆಯ ಸಿನಿಮಾ ತೆಗೆದ ಜಾಗ ನೋಡಲು ನನ್ನ ಜೊತೆ ಸುತ್ತುವ ಹತ್ತು ಹನ್ನೆರಡು ಮಂದಿ ಹಿಂದೆ ಸಾಲುಗಟ್ಟಿದ್ದರು. ಈ ಬ್ಯಾಂಕು ಒಂದು ಸಿನಿಮಾದಲ್ಲಿ ಪೊಲೀಸ್ ಠಾಣೆಯಾಗಿತ್ತು. ಅಮ್ಮನಿಗೆ ಇವತ್ತಿಗೂ ಇದು ಪೊಲೀಸ್ ಸ್ಟೇಷನ್ನೇ. "ಸ್ಟೇಷನ್ನಿಗೆ ಹೋಗಿ ಪಾಸ್‌ಬುಕ್ ಬರೆಸ್ಕೊಂಡು ಬಾ" ಎಂದು ಅವಳು ಹೇಳಿದರೆ ನೆಂಟರು ಗಾಬರಿಯಾಗುತ್ತಿದ್ದರು.

"ಅಮ್ಮ ಮನೇಲಿಲ್ಲ ಕಣೇ," ಅಂದಳು ಅಕ್ಕ.

"ಇಲ್ಲ ಅಂದ್ರೆ? ಬಚ್ಚಲು ನೋಡಿದ್ಯಾ? ಟೆರೇಸು?"

"ಎಲ್ಲಾ ನೋಡ್ದೆ. ಮಾತ್ರೆ ತರೋಕೆ ಅಂತ ಹೀಗೆ ಹೋಗಿ ಹಾಗೆ ಬಂದಿದೀನಿ, ಅಷ್ಟರಲ್ಲಿ... ಕೆಳಗಿನ ಮನೆಯವರ ಹತ್ರ ಆಸ್ಪತ್ರೆಗೆ ಹೋಗ್ತೀನಿ ಅಂದ್ಳಂತೆ."

"ಅಂದ್ರೆ ಇವರು ಹೋಗಿ ಬನ್ನಿ ಅಂತ ಕೈ ಬೀಸಿದ್ರಾ? ತಲೇಲಿ ಏನಿದೆ ಅವರಿಗೆ?"

"ನನ್ನ ಮೇಲೆ ಯಾಕೆ ಕೂಗಾಡ್ತೀಯ? ದೊಡ್ಡಾಸ್ಪತ್ರೆಗೆ ಬಾ. ಭಾವನೂ ಅಲ್ಲೇ ಹುಡುಕ್ತಿದಾರೆ."

ನನಗೆ ಹೆದರಿಕೆಯಾದರೆ ಮೊದಲು ಬರುವುದು ಕೋಪ. ಮನೆಯವರಿಗೆಲ್ಲ ಇದು ಗೊತ್ತು, ಆದರೂ ಪ್ರತಿ ಸಲ ಬೇಜಾರು ಮಾಡಿಕೊಳ್ಳುತ್ತಾರೆ. ಬಂದವರಿಗೆ ಎರಡು ಮಾತು ಹೇಳಿ ಕೈಮುಗಿದು, ಫೋಟೋಗಳ ಚೀಲ ಹೆಗಲಿಗೇರಿಸಿಕೊಂಡು ಆಟೊ ಹತ್ತಿದೆ.

ಅಮ್ಮ ಸಿನಿಮಾದಲ್ಲಿದ್ದವಳು. ಹಾಗೆಂದ ತಕ್ಷಣ ಜನ ಕಣ್ಣರಳಿಸುತ್ತಾರೆ, ಅದಕ್ಕೆ ಪೂರ್ತಿ ಹೇಳಿಬಿಡುತ್ತೇನೆ: ಡ್ಯೂಪ್ ಆಗಿದ್ದಳು. ನಾಯಕಿ ಮಹಡಿಯಿಂದ ಹಾರಬೇಕು, ಕುದುರೆಯಿಂದ ಬೀಳಬೇಕು ಅಂದರೆ ಅದೇ ಸೀರೆ ಉಟ್ಟುಕೊಂಡು ಅಮ್ಮ ಬರುತ್ತಿದ್ದಳು. ಕ್ಯಾಮರಾಕ್ಕೆ ಬೆನ್ನು ಮಾತ್ರ. ಭೂಮಿ ಬಾಯಿ ಬಿಟ್ಟರೂ ತಿರುಗುವ ಹಾಗಿಲ್ಲ. ಮುಖ ಕಂಡಿತೋ, ಶಾಟ್ ಹಾಳು. ಮಾರನೇ ದಿನ ಕೆಲಸಕ್ಕೆ ಕರೆಯುವುದಿಲ್ಲ. ಕಂಪನಿಯವರೆಲ್ಲ ಅವಳನ್ನು ಬೆನ್ನಕ್ಕ ಅನ್ನುತ್ತಿದ್ದರು. ಬೀದಿಯಲ್ಲಿ ಟ್ರಾಫಿಕ್ ಪೊಲೀಸ್ ಸೀಟಿ ಊದಿದರೆ ಬೆಚ್ಚಿ ನನ್ನ ತೋಳು ಹಿಡಿಯುತ್ತಿದ್ದಳು. "ಸೀಟಿ ಕೇಳಿದ್ರೆ ಕಾಲು ತಾನಾಗೇ ಎದ್ದುಬಿಡುತ್ತೆ ಕಣೇ" ಎಂದು ನಗುತ್ತಿದ್ದಳು. ಮಹಡಿಯ ಮೇಲೆ ನಿಂತವಳಿಗೆ ಕೆಳಗಿನವರ ಕೂಗು ಕೇಳಿಸುವುದಿಲ್ಲವಲ್ಲ, ಅದಕ್ಕೆ ಡೈರೆಕ್ಟರು ಸೀಟಿ ಊದುತ್ತಿದ್ದರು. ಸೀಟಿ ಅಂದರೆ ಹಾರು. ಕೆಳಗೆ ನಾಲ್ಕೂ ಕಡೆ ಬಲೆ ಹಿಡಿದು ಜನ ನಿಂತಿರುತ್ತಿದ್ದರು.

ಈಚೆಗೆ ಅಮ್ಮನಿಗೆ ಇವತ್ತು ಯಾವುದು, ಆವತ್ತು ಯಾವುದು ಅನ್ನುವುದು ಕಲಸಿಹೋಗಿದೆ. ಬೆಳಿಗ್ಗೆ ನಮ್ಮನ್ನು ಹೆಸರು ಹಿಡಿದು ಬೈಯುತ್ತಾಳೆ, ಮಧ್ಯಾಹ್ನ "ನೀವು ಯಾರ ಮನೆಯವರಮ್ಮ?" ಅನ್ನುತ್ತಾಳೆ. ಬೈದಾಗ ಹಾಯೆನಿಸುತ್ತದೆ.

ದೊಡ್ಡಾಸ್ಪತ್ರೆಯ ಬಾಗಿಲಲ್ಲೇ ಭಾವ ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು. ಒಳಗೆ ಕೌಂಟರಿನ ಹೆಂಗಸು, "ಫೋಟೋ ಇದ್ರೆ ಕೊಡಿ, ಎಲ್ಲಾ ವಾರ್ಡಿಗೂ ಕಳಿಸ್ತೀನಿ" ಅಂದಳು. ಅಕ್ಕ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ನನ್ನ ಚೀಲದ ತುಂಬ ಅಮ್ಮನ ಫೋಟೋಗಳಿದ್ದವು, ಎಲ್ಲ ಬೆನ್ನು. ಮನೆಯಲ್ಲಿ ಮೊಬೈಲು ಹಿಡಿದರೂ ಅಭ್ಯಾಸಬಲ, ಸರಕ್ಕನೆ ಆ ಕಡೆ ತಿರುಗುತ್ತಾಳೆ. ಉಳಿದಿದ್ದು ಗುರುತಿನ ಚೀಟಿಯ ಮಸುಕು ಫೋಟೋ ಒಂದೇ, ಅದರಲ್ಲಿ ಅಮ್ಮ ಇದ್ದರೂ ಒಂದೇ, ಭಾವ ಇದ್ದರೂ ಒಂದೇ. ಹೆತ್ತ ತಾಯಿಯ ಮುಖ ತೋರಿಸಿ ಎಂದರೆ ತೋರಿಸಲಾಗದೆ ನಿಂತೆವಲ್ಲ, ನನಗೆ ಅಲ್ಲೇ ಅಳು ಬಂತು.

"ಕೆಳಗಿನ ಮನೆಯವರಿಗೆ ಫೋನ್ ಹಚ್ಚು," ಅಂದೆ ಅಕ್ಕನಿಗೆ. "ಅಮ್ಮ ಏನಂದ್ಳು, ಅದನ್ನ ಹಾಗ್‌ಹಾಗೇ ಹೇಳೋಕೆ ಹೇಳು."

ಕೆಳಗಿನ ಮನೆಯಾಕೆ ಪಾಪ, ಅಳುತ್ತಲೇ ಹೇಳಿದರು. "ಆಸ್ಪತ್ರೆಗೆ ಹೋಗ್ತಿದೀನಿ, ಬೆಳಕು ಹೋಗೋದ್ರೊಳಗೆ ಮುಗಿಸ್ಬೇಕು ಅಂದ್ರಮ್ಮ. ಒಗೆದ ಬಿಳಿ ಸೀರೆ ಉಟ್ಟಿದ್ರು, ಅಚ್ಚುಕಟ್ಟಾಗಿದ್ರು. ನೀವೇ ಯಾರೋ ಕೆಳಗೆ ಗಾಡೀಲಿ ಕಾಯ್ತಿದೀರಿ ಅಂದ್ಕೊಂಡೆ."

ಬೆಳಕು ಹೋಗೋದ್ರೊಳಗೆ. ಆಸ್ಪತ್ರೆಗೆ ಯಾರಾದರೂ ಬೆಳಕು ನೋಡಿಕೊಂಡು ಹೋಗುತ್ತಾರೆಯೇ?

"ಅಕ್ಕಾ, ಇದಲ್ಲ ಆಸ್ಪತ್ರೆ!" ಅಂದೆ. ಕೌಂಟರಿನ ಹೆಂಗಸು ತಲೆ ಎತ್ತಿ ಬೋರ್ಡು ನೋಡಿದಳು.

ಸಿನಿಮಾದಲ್ಲಿ ಆಸ್ಪತ್ರೆಯಾಗಿದ್ದ ಮೂರು ಕಟ್ಟಡಗಳು ಅಮ್ಮನ ಬಾಯಲ್ಲಿ ಇವತ್ತಿಗೂ ಆಸ್ಪತ್ರೆಗಳು. ಒಂದು ಹೆಣ್ಣುಮಕ್ಕಳ ಕಾಲೇಜು, ಒಂದು ಕೆಡವಿಹಾಕಿದ ವಸತಿಗೃಹ, ಇನ್ನೊಂದು ಹಳೆಯ ಅಚ್ಚುಕೂಟ. ಚೀಲ ನೆಲಕ್ಕೆ ಸುರಿದು ಹುಡುಕಿದೆ. ಕಾಲೇಜಿನ ಫೋಟೋದಲ್ಲಿ ಅಮ್ಮ ದಾದಿಯ ಉಡುಪಿನಲ್ಲಿ ಓಡುತ್ತಿದ್ದಾಳೆ. ವಸತಿಗೃಹದ್ದರಲ್ಲಿ ಕಂಬಳಿ ಹೊದ್ದು ಮಲಗಿದ್ದಾಳೆ. ಅಚ್ಚುಕೂಟದ್ದು ಸಿಕ್ಕಿತು. ಕೋಣೆಯ ಒಳಗಿನಿಂದ ತೆಗೆದ ಫೋಟೋ. ತೆರೆದ ದೊಡ್ಡ ಕಿಟಕಿ. ಅದರಾಚೆ, ಕೆಳಗಿನ ಅಂತಸ್ತಿನ ಸಜ್ಜದ ಮೇಲೆ, ಬಿಳಿ ಸೀರೆಯುಟ್ಟು ನಮಗೆ ಬೆನ್ನು ಹಾಕಿ ನಿಂತ ಹೆಂಗಸು. ಗಂಡ ಸತ್ತ ನಾಯಕಿ ಆಸ್ಪತ್ರೆಯ ಮೂರನೇ ಮಹಡಿಯಿಂದ ಹಾರಿಕೊಳ್ಳುವ ದೃಶ್ಯ.

ಅಕ್ಕ ಫೋಟೋ ನೋಡಿದವಳೇ ಗೋಡೆ ಹಿಡಿದುಕೊಂಡಳು. "ಬಲೆ ಇಲ್ಲ ಕಣೇ," ಅಂದಳು. "ಈಗ ಕೆಳಗೆ ಬಲೆ ಇಲ್ಲ."

ಕಾಲೇಜಿಗೂ ಒಬ್ಬರು ಹೋಗಿ ನೋಡಲಿ ಎಂದು ಭಾವ ಆ ಕಡೆ ಓಡಿದರು. ಅಕ್ಕನಿಗೆ ಗೋಡೆ ಬಿಟ್ಟು ಮೆಟ್ಟಿಲಿಳಿಯಲು ಆಗಲಿಲ್ಲ. ಸುಧಾರಿಸಿಕೊಂಡು ಹಿಂದೆ ಬಾ ಎಂದು ಹೇಳಿ ನಾನೊಬ್ಬಳೇ ಹೊರಟೆ. ದಾರಿಯುದ್ದಕ್ಕೂ ಆಟೊದವನಿಗೆ ಬೈದೆ. ಸಿಗ್ನಲ್ಲಿಗೆ ಬೈದೆ. ಫೋಟೋ ಇಟ್ಟುಕೊಂಡು ಊರೆಲ್ಲ ಸುತ್ತುವ ನನಗೂ ಬೈದುಕೊಂಡೆ. ಹೋದ ತಿಂಗಳು ಅವಳನ್ನು ಅಚ್ಚುಕೂಟದ ಎದುರು ನಿಲ್ಲಿಸಿ, "ಇಲ್ನೋಡಮ್ಮ, ನಿನ್ನ ಆಸ್ಪತ್ರೆ" ಎಂದು ದಾರಿ ನೆನಪು ಮಾಡಿಕೊಟ್ಟವಳು ನಾನೇ.

ಅಚ್ಚುಕೂಟ ಮುಚ್ಚಿ ಬಹಳ ಕಾಲವಾಗಿದೆ. ಈಗ ದುರಸ್ತಿ ನಡೆಯುತ್ತಿತ್ತು. ಮುಂದೆ ಜಲ್ಲಿ ರಾಶಿ, ಗೋಡೆಗೆ ಕಟ್ಟಿದ ಸಾರವೆ. ಆಟೊ ಇಳಿದು ಕತ್ತೆತ್ತಿದೆ. ಮೂರನೇ ಮಹಡಿಯ ಕಿಟಕಿಯಾಚೆ ಬಿಳಿ ಸೀರೆಯ ಸೆರಗು ಗಾಳಿಗೆ ಹಾರುತ್ತಿತ್ತು. ಮಂಡಿನೋವು ಎಂದು ಮನೆಯ ಹೊಸ್ತಿಲು ದಾಟಲೂ ನನ್ನ ಹೆಗಲು ಹಿಡಿಯುವ ಅಮ್ಮ ಎದೆ ಸೆಟೆದು ನಿಂತಿದ್ದಳು.

ಗೇಟಿನ ಕಾವಲುಗಾರ ಆಗತಾನೆ ಟೀ ಲೋಟ ಕೆಳಗಿಟ್ಟು ಮೇಲೆ ನೋಡಿದ. "ಏಯ್! ಯಾರ್ರೀ ಅದು?" ಎಂದವನೇ ಕೊರಳಲ್ಲಿದ್ದ ಸೀಟಿಯನ್ನು ಬಾಯಿಗಿಟ್ಟುಕೊಂಡ.

ನಾನು ಹೇಗೆ ಓಡಿದೆನೋ ಗೊತ್ತಿಲ್ಲ. ಹೋಗಿ ಬಿದ್ದಿದ್ದು ಅವನ ಎದೆಯ ಮೇಲೆ. ಇಬ್ಬರೂ ಜಲ್ಲಿ ರಾಶಿಯ ಮೇಲೆ ಉರುಳಿದೆವು. ಅವನ ತುಟಿಯಿಂದ ಸೀಟಿ ಕಿತ್ತು ಅಂಗೈಯಲ್ಲಿ ಮುಚ್ಚಿಕೊಂಡೆ. ದಾರ ಅವನ ಕೊರಳು ಬಿಗಿಯಿತು.

"ಊದ್ಬೇಡಿ! ದಮ್ಮಯ್ಯ, ಊದ್ಬೇಡಿ. ಊದಿದ್ರೆ ಹಾರ್ತಾಳೆ."

"ನಿಮ್ಗೇನು ಹುಚ್ಚಾ?"

"ನಮ್ಮಮ್ಮ ಅವಳು. ಕೂಗ್ಲೂಬೇಡಿ. ಹೊರಗೆ ಹೋಗಿ ಯಾರೂ ಕೂಗದ ಹಾಗೆ, ಹಾರನ್ ಹೊಡೆಯದ ಹಾಗೆ ನೋಡ್ಕೊಳ್ಳಿ. ನಿಮ್ಮ ಕಾಲಿಗೆ ಬೀಳ್ತೀನಿ."

ಅವನು ಕೊರಳು ಉಜ್ಜಿಕೊಳ್ಳುತ್ತ ಎದ್ದ. ಆಮೇಲೆ ದಾರವನ್ನು ತಲೆಯಿಂದ ತೆಗೆದು ಸೀಟಿಯನ್ನು ನನ್ನ ಕೈಯಲ್ಲೇ ಬಿಟ್ಟು, ರಸ್ತೆಯ ಕಡೆ ಓಡಿದ. ಒಳ್ಳೆಯವನು.

ಮೆಟ್ಟಿಲಿನ ಪಕ್ಕದ ಕಂಬಿ ಕಿತ್ತುಹಾಕಿದ್ದರು. ಚಪ್ಪಲಿ ಕೆಳಗೇ ಬಿಟ್ಟು ಗೋಡೆ ಸವರಿಕೊಂಡು ಹತ್ತಿದೆ. ಮೂರನೇ ಮಹಡಿಯ ಕೋಣೆಯಲ್ಲಿ ಮಸಿಯ ವಾಸನೆ ಇನ್ನೂ ಇತ್ತು. ಕಿಟಕಿಯ ಬಾಗಿಲು, ಚೌಕಟ್ಟು ಎಲ್ಲ ಬಿಚ್ಚಿ ಮೂಲೆಗೆ ಒರಗಿಸಿದ್ದರು. ಗೋಡೆಯಲ್ಲಿ ಆಳೆತ್ತರದ ತೂತು ಮಾತ್ರ. ಸಂಜೆಯ ಬಿಸಿಲು ನೇರ ಒಳಗೆ ಬಿದ್ದಿತ್ತು. ಅದರ ಆಚೆ ಅಮ್ಮನ ಬೆನ್ನು.

"ಅಮ್ಮಾ," ಅಂದೆ ಮೆಲ್ಲಗೆ.

ತಿರುಗಲಿಲ್ಲ.

"ಅಮ್ಮಾ, ನಾನು ಕಣೇ. ಬಾ, ಮನೆಗೆ ಹೋಗೋಣ."

ಕತ್ತು ಕೂಡ ಅಲುಗಲಿಲ್ಲ. ಹೇಗೆ ತಿರುಗಿಯಾಳು? ಅವಳಿಗೆ ಗೊತ್ತಿದ್ದ ಪಾಠ ಅದೊಂದೇ. ಹತ್ತಿರ ಹೋಗಿ ಹಿಡಿಯೋಣವೆಂದು ಹೆಜ್ಜೆಯಿಟ್ಟರೆ ನೆಲದ ಹಲಗೆ ಕಿರ್ ಅಂದಿತು, ಅವಳ ಹಿಮ್ಮಡಿ ಎದ್ದಿತು. ನಾನು ಕಲ್ಲಾಗಿ ನಿಂತೆ.

"ಬೆನ್ನಕ್ಕಾ," ಅಂದೆ.

"ರೆಡಿ ಸಾರ್," ಅಂದಳು. ಅದು ಮನೆಯಲ್ಲಿ ನಾನು ಯಾವತ್ತೂ ಕೇಳದ ದನಿ, ಹರೆಯದ ದನಿ. "ಸೀಟಿ ಕೊಡಿ."

ಸೀಟಿ ನನ್ನ ಮುಷ್ಟಿಯಲ್ಲಿ ಬೆವರಿನಿಂದ ಜಾರುತ್ತಿತ್ತು. ಕಟ್ ಅನ್ನೋಣವೇ? ಅರ್ಧ ಕೇಳಿ ಅದನ್ನೇ ಸನ್ನೆ ಅಂದುಕೊಂಡರೆ? ಬೆಳಕು ಹೋಯಿತು ಅನ್ನೋಣವೆಂದರೆ ಬಿಸಿಲು ಅವಳ ಮುಖಕ್ಕೇ ಹೊಡೆಯುತ್ತಿದೆ, ನಂಬುತ್ತಾಳೆಯೇ? ಏನು ಮಾಡಲೂ ತೋಚದೆ, ಕೈಗೆ ಬರುವ ಕೆಲಸ ಅದೊಂದೇ ಆದ್ದರಿಂದ, ಫೋಟೋ ತೆಗೆದು ಕೈ ಚಾಚಿ, ಒಂದು ಕಣ್ಣು ಮುಚ್ಚಿ ಹಿಡಿದೆ. ಕಿಟಕಿಯ ಅಂಚಿಗೆ ಅಂಚು ಕೂಡಿತು. ಸೆರಗು ಕೂಡಿತು. ಭುಜ ತುಸು ಕುಗ್ಗಿದೆ, ಆದರೂ ಕೂಡಿತು. ಕೂಡದೆ ಉಳಿದಿದ್ದು ತಲೆ. ಫೋಟೋದಲ್ಲಿ ಸೊಂಟದವರೆಗೆ ಜಡೆ. ಎದುರಿಗೆ, ಅಕ್ಕ ಬೆಳಿಗ್ಗೆ ಎಣ್ಣೆ ಹಚ್ಚಿ ಕಟ್ಟಿದ ಪುಟ್ಟ ತುರುಬು.

ಎಷ್ಟು ಸಾಧ್ಯವೋ ಅಷ್ಟು ಸಿಡುಕಿನಿಂದ ಹೇಳಿದೆ. ಸಿಡುಕು ನನಗೆ ಯಾರೂ ಹೇಳಿಕೊಡಬೇಕಿಲ್ಲ.

"ಏನ್ ಬೆನ್ನಕ್ಕಾ ಇದು? ಕಂಟಿನ್ಯುಟಿ ನೋಡ್ಕೊಳ್ಳೋದು ಬೇಡ್ವಾ? ಹಿಂದಿನ ಶಾಟಲ್ಲಿ ಜಡೆ, ಈಗ ತುರುಬು ಹಾಕ್ಕೊಂಡು ನಿಂತಿದೀಯ. ಹಾರೋವಾಗ ಜನ ನಗಲ್ವಾ?"

ಅಮ್ಮನ ಕೈ ತಲೆಯ ಹಿಂದೆ ಹೋಯಿತು. ತುರುಬು ಮುಟ್ಟಿ ನೋಡಿತು.

"ಅಯ್ಯಯ್ಯೋ! ತಪ್ಪಾಯ್ತು ಸಾರ್."

"ಒಳಗೆ ಬಾ. ಹೇರ್‌ಡ್ರೆಸ್ಸರ್ ಇದಾಳೆ, ಸರಿ ಮಾಡ್ತಾಳೆ."

ಅವಳು ಹಿಂದೆ ಹಿಂದೆ ಹೆಜ್ಜೆಯಿಟ್ಟು, ಕಿಟಕಿಯ ಕಟ್ಟೆಯನ್ನು ಕೈಯಿಂದ ತಡವಿ, ಬೆನ್ನು ಹಾಕಿಕೊಂಡೇ ಒಳಗಿಳಿದಳು. ನಾನು ಅವಳ ಸೊಂಟ ಹಿಡಿದೆ. ಬೆನ್ನು ನನ್ನ ಕಡೆಗಿರುವ ಹಾಗೇ ಎದುರು ಗೋಡೆಗೆ ಮುಖ ಮಾಡಿ ನೆಲದ ಮೇಲೆ ಕೂರಿಸಿ, ಕಿಟಕಿಗೂ ಅವಳಿಗೂ ನಡುವೆ ಕಾಲು ಚಾಚಿ, ಅವಳ ಬೆನ್ನ ಹಿಂದೆ ಕೂತೆ. ಎಳೆದುಕೊಂಡು ಹೋಗಬಹುದಿತ್ತಲ್ಲ ಅನ್ನಬೇಡಿ. ಒತ್ತಾಯ ಮಾಡಿದರೆ ಅವಳು ಕೊಸರಾಡುತ್ತಾಳೆ; ಕಂಬಿಯಿಲ್ಲದ ಆ ಮೆಟ್ಟಿಲಲ್ಲಿ ಇಬ್ಬರೂ ಕೆಳಗೆ ಬೀಳುತ್ತಿದ್ದೆವು. ತುರುಬು ಬಿಚ್ಚಿ ಕೂದಲನ್ನು ಮೂರು ಎಳೆ ಮಾಡಿದೆ.

ಜಡೆ ಹಾಕುತ್ತ ಹಾಕುತ್ತ ಹೊಳೆಯಿತು: ಮುಗಿದ ಕೂಡಲೇ ಅವಳು ಎದ್ದು ಮತ್ತೆ ಸಜ್ಜಕ್ಕೆ ಹೋಗುತ್ತಾಳೆ. ತುದಿಗೆ ಬಂದವಳು ಬಿಚ್ಚಿಬಿಟ್ಟೆ. ಮತ್ತೆ ಹಾಕಿದೆ. ಮತ್ತೆ ಬಿಚ್ಚಿದೆ.

"ಬೇಗ ಹಾಕಮ್ಮ," ಅಂದಳು. "ಬೆಳಕು ಹೋಗುತ್ತೆ. ಮನೇಲಿ ಎರಡು ಹೆಣ್ಮಕ್ಕಳಿದಾವೆ. ದೊಡ್ಡದು ಹೇಗೋ ಸುಧಾರಿಸ್ಕೊಳ್ಳುತ್ತೆ. ಚಿಕ್ಕದಕ್ಕೆ ಮೂಗಿನ ತುದೀಲೇ ಕೋಪ. ನಾನು ಹೋಗಿ ಮುಖ ತೋರಿಸೋ ತನಕ ಒಂದು ತುತ್ತು ಮುಟ್ಟಲ್ಲ."

"ಹೌದಾ?"

"ಹೂಂ. ಬಾಗಿಲಲ್ಲೇ ಕೂತಿರುತ್ತೆ. ಹೋದ ತಕ್ಷಣ ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸ್ಕೊಳ್ಳುತ್ತೆ. ದಿನವೆಲ್ಲಾ ಊರಿಗೆ ಬೆನ್ನು ತೋರಿಸಿ ಹೋಗಿರ್ತೀನಲ್ಲ, ನನ್ನ ಮುಖ ನೋಡೋಕೆ ಅದೊಂದು ಇದ್ರೆ ಸಾಕು ಅನ್ಸಿಬಿಡುತ್ತೆ."

ಕೂದಲು ನನಗೆ ಕಾಣಿಸದಾಯಿತು. ಬಾಗಿಲಲ್ಲಿ ಅಕ್ಕ ಏದುಸಿರು ಬಿಡುತ್ತ ಬಂದು ನಿಂತಿದ್ದಳು. ಮಾತಾಡಬೇಡವೆಂದು ಕಣ್ಣಲ್ಲೇ ಹೇಳಿದೆ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಅಲ್ಲೇ ಕುಸಿದು ಕೂತಳು. ನಾನು ಹಾಕಿದೆ, ಬಿಚ್ಚಿದೆ. ಎದುರು ಗೋಡೆಯ ಮೇಲಿದ್ದ ಬಿಸಿಲಿನ ಪಟ್ಟಿ ಮೇಲೇರುತ್ತ ಸಣ್ಣದಾಯಿತು, ಸೂರು ಮುಟ್ಟಿತು, ಹೋಯಿತು.

ಅಮ್ಮ ಗೋಡೆಯನ್ನೇ ನೋಡುತ್ತಿದ್ದಳು. "ಹೋಯ್ತಲ್ಲ ಬೆಳಕು," ಅಂದಳು. "ಇನ್ನೇನು, ಪ್ಯಾಕಪ್." ಭುಜ ಇಳಿಯಿತು. ಮಂಡಿ ಹಿಡಿದು "ಅಮ್ಮಾ" ಎಂದು ನರಳಿದಳು. ಆಮೇಲೆ, ಕ್ಯಾಮರಾ ಮುಚ್ಚಿದ ಮೇಲೆ ಯಾರ ಭಯವೂ ಇಲ್ಲವೆಂಬಂತೆ, ಪೂರ್ತಿ ನನ್ನ ಕಡೆ ತಿರುಗಿದಳು.

ನನ್ನನ್ನು ನೋಡಿದಳು. ಹೆಗಲ ಮೇಲೆ ಬಂದು ಬಿದ್ದ ಸೊಟ್ಟ ಜಡೆಯನ್ನು ನೋಡಿದಳು.

"ನೀನಾ? ಅದಕ್ಕೇ ಮತ್ತೆ," ಅಂದಳು. "ನಿಂಗೆ ಜಡೆ ಹಾಕೋಕೆ ಯಾವತ್ತು ಬಂತು ಹೇಳು? ಊಟ ಮಾಡಿದ್ಯೇನೇ?"

ನಾನು ಅವಳ ಗಲ್ಲ ಹಿಡಿದುಕೊಂಡೆ. ಇಲ್ಲಮ್ಮ, ಅಂದೆ, ಇನ್ನೂ ಇಲ್ಲ.